ಸಿಂಪಲ್ ಪ್ರೆಸೆಂಟ್ ಅಂದ್ರೆ 'ಈಗ' ಅಲ್ಲ ಕಣ್ರೋ!

ಇಂಗ್ಲಿಷ್ ಪಂಚಾಯ್ತಿ, ಭಾಗ 5 👇

"ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಅಂತ ಯಾರಾದ್ರೂ ಅಂದ್ರೆ ಸಾಕು, ಮೀಮ್ ರೆಡಿ. ನಗೋರೆಲ್ಲ ಹೇಳೋದು ಒಂದೇ: "ಕನ್ನಡದಲ್ಲಿ ಯೋಚನೆ ಮಾಡ್ತಾರೆ, ಅದಕ್ಕೇ ತಪ್ಪಾಗುತ್ತೆ." ನಾನು ಒಪ್ಪಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚನೆ ಮಾಡಿದ್ರೆ ಈ ತಪ್ಪು ಆಗೋದೇ ಇಲ್ಲ.

1️⃣ "ನಂಗೆ ಇಬ್ರು ಅಣ್ಣಂದಿರು ಇದಾರೆ" ಅಂತೀವಿ. "ಇರ್ತಾ ಇದಾರೆ" ಅಂತೀವಾ? ಇಲ್ಲ ತಾನೇ? ಹಾಗಾದ್ರೆ "ಐ ಹ್ಯಾವ್". ಮುಗೀತು.

2️⃣ "ದಿನಾ ತಿಪಟೂರಿಗೆ ಹೋಗ್ತೀನಿ": ಐ ಗೋ. "ತಿಪಟೂರಿಗೆ ಹೋಗ್ತಾ ಇದೀನಿ": ಐ ಆಮ್ ಗೋಯಿಂಗ್. "ಬಸ್ಸು ಏಳಕ್ಕೆ ಹೊರಡುತ್ತೆ": ದ ಬಸ್ ಲೀವ್ಸ್ ಅಟ್ ಸೆವೆನ್. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದ ಕಾಯಿ ಕೊಬ್ಬರಿ ಆಗುತ್ತೆ. ಇದು ಯಾವಾಗ್ಲೂ ನಿಜ, ಸಿಂಪಲ್ ಪ್ರೆಸೆಂಟ್. ಈ ಸಲದ ಕಾಯಿ ಒಣಗ್ತಾ ಇದೆ. ಇದು ಈಗಿನ ಕಥೆ, ಕಂಟಿನ್ಯುಯಸ್. ಒಂದೇ ಎಚ್ಚರ: "ನಾಳೆ ಹೋಗ್ತೀನಿ" ಅನ್ನೋಕೂ ನಮಗೆ ಇದೇ ರೂಪ. ಅಲ್ಲಿ ಇಂಗ್ಲಿಷಿಗೆ 'ವಿಲ್' ಬೇಕು.

3️⃣ ಇನ್ನು ಆ 'ಎಸ್' ಭಯ. ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ, ಹೋಗ್ತಾರೆ. ಇಷ್ಟು ಬಾಲ ನಿದ್ದೆಗಣ್ಣಲ್ಲೂ ಸರಿಯಾಗಿ ಹಚ್ತೀವಿ. ಇಂಗ್ಲಿಷಲ್ಲಿ ಹಿ, ಶಿ, ಇಟ್ ಮೂರಕ್ಕೂ ಸೇರಿ ಒಂದೇ: 'ಗೋಸ್'. ಅದಕ್ಕೆ ಹೆದರೋದಾ?

4️⃣ ಹಾಗಾದ್ರೆ ತಪ್ಪು ಎಲ್ಲಿಂದ ಬಂತು? ಕಲಿಸೋ ರೀತಿಯಿಂದ. 2007ರಿಂದ ಸರ್ಕಾರಿ ಶಾಲೆಲಿ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಇದೆ. ಆದ್ರೂ ಡಿಗ್ರಿಗೆ ಬಂದ್ಮೇಲೆ ನಮ್ಮ ಬಾಯಲ್ಲಿ ಉಳಿದಿರೋದು ಹನ್ನೆರಡು ಟೆನ್ಸಿನ ಚಾರ್ಟು, "ಸೂರ್ಯ ಪೂರ್ವದಲ್ಲಿ ಹುಟ್ತಾನೆ" ಅನ್ನೋ ಒಂದೇ ಉದಾಹರಣೆ. 'ಪ್ರೆಸೆಂಟ್' ಅಂತ ಹೆಸರಿಟ್ಟು, ಅದು ಅಭ್ಯಾಸಕ್ಕೆ, ಯಾವಾಗ್ಲೂ ನಿಜ ಇರೋದಕ್ಕೆ ಅಂತ ಬಿಡಿಸಿ ಹೇಳಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಆಡಿದ್ರೆ ಫೈನ್ ಬೇರೆ! ಬೀಗದಕೈ ಕಿತ್ಕೊಂಡು ಬಾಗಿಲು ತೆಗಿ ಅಂದಂಗೆ.

5️⃣ ಬಿಕಾಂ ಹುಡುಗ್ರೇ, ಆಡಿಟ್ ರಿಪೋರ್ಟ್ ತೆಗೆದು ನೋಡಿ. ಲೆಕ್ಕ "ಗಿವ್ ಎ ಟ್ರೂ ಅಂಡ್ ಫೇರ್ ವ್ಯೂ" ಅಂತಿರುತ್ತೆ, "ಆರ್ ಗಿವಿಂಗ್" ಅಂತಲ್ಲ. ಆಡಿಟರ್ ಸಹಿ ಹಾಕೋದು ಸಿಂಪಲ್ ಪ್ರೆಸೆಂಟ್ ಮೇಲೇನೇ.

ಇಂಟರ್‌ವ್ಯೂಲಿ "ಐ ಆಮ್ ಕಮಿಂಗ್ ಫ್ರಮ್ ಶೆಟ್ಟಿಕೆರೆ" ಅಂದ್ರೆ ಇನ್ನೂ ಬಸ್ಸಲ್ಲಿದೀನಿ ಅಂತ. "ಐ ಕಮ್ ಫ್ರಮ್ ಶೆಟ್ಟಿಕೆರೆ" ಅಂದ್ರೆ ಅದು ನನ್ನೂರು ಅಂತ. ನಗೋರು ನಗ್ಲಿ, ನೀವು ಮೊದ್ಲು ಕನ್ನಡದಲ್ಲಿ ಕೇಳ್ಕೊಳ್ಳಿ: ಹೋಗ್ತೀನಾ, ಹೋಗ್ತಾ ಇದೀನಾ?

ನಿಮ್ಮೂರ ಬಗ್ಗೆ ಒಂದು ಸಿಂಪಲ್ ಪ್ರೆಸೆಂಟ್ ವಾಕ್ಯ ಕಾಮೆಂಟಲ್ಲಿ ಹಾಕಿ. ತಪ್ಪಿದ್ರೆ ತಿದ್ದೋಣ, ನಗಲ್ಲ. 🥥

#ಇಂಗ್ಲಿಷ್_ಪಂಚಾಯ್ತಿ #ಶೆಟ್ಟಿಕೆರೆ #ತಿಪಟೂರು #ಬಿಕಾಂ