ಸೋಮವಾರದ ಸದುಪಯೋಗ

ತುಂಗಭದ್ರಾ ಜಲಾಶಯದ ಹಿನ್ನೀರಿನ ಸೀಮೆಯಾದ ಹಂಪಸಾಗರದ ಸುತ್ತಮುತ್ತಲಿನ ಗ್ರಾಮಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲಿಗೆ ನೊಗವಿಡುವ ವಾಡಿಕೆಯಿಲ್ಲ. ಅದು ಬಸವಣ್ಣನ ವಾರವೆಂದು ಹಿರಿಯರು ನಡೆಸಿಕೊಂಡು ಬಂದಿರುವರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಡೆಯಲ್ಲಿಯೂ, ಕನ್ನಡ ನಾಡಿನ ಇನ್ನೂ ಅನೇಕ ಭಾಗಗಳಲ್ಲಿಯೂ ಈ ಪದ್ಧತಿಯುಂಟು. ಕಚೇರಿ, ಶಾಲೆಗಳ ವಾರವು ಸೋಮವಾರ ಮೊದಲಾಗುತ್ತದೆ. ಒಕ್ಕಲುತನದ ವಾರವಾದರೋ ಮಂಗಳವಾರ ನಸುಕಿನಲ್ಲಿ ಎತ್ತು ಹೂಡಿದಾಗ ಮೊದಲಾಗುವುದು. ಆ ನಸುಕಿನಲ್ಲಿ ಒಬ್ಬ ರೈತನು ಹುರುಪಿನಿಂದ ಹೊಲಕ್ಕೆ ಹೊರಡುವುದನ್ನೂ, ಮತ್ತೊಬ್ಬನು ಮನಸ್ಸಿಲ್ಲದೆ ಕಾಲೆಳೆಯುತ್ತ ಹೊರಡುವುದನ್ನೂ ಎಲ್ಲರೂ ಕಂಡಿರುವರು. ಈ ಭೇದಕ್ಕೆ ಕಾರಣವು ಬಹುಮಟ್ಟಿಗೆ ಹಿಂದಿನ ದಿನವಾದ ಸೋಮವಾರದಲ್ಲಿಯೇ ಇರುತ್ತದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಆಲೋಚಿಸತಕ್ಕದ್ದಾಗಿದೆ.

ಸೋಮವಾರದ ಬಿಡುವು ವ್ಯರ್ಥವೆಂದೂ, ಇದರಿಂದ ವರ್ಷಕ್ಕೆ 52 ದಿವಸಗಳ ಕೆಲಸ ಕೆಡುತ್ತದೆಂದೂ ಕೆಲವರು ಆಕ್ಷೇಪಿಸುವುದುಂಟು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಒಂದು ಎಕರೆ ಭೂಮಿಯ ಮೇಲೆ ಒಂದು ಅಂಗುಲ ಮಳೆಯಾದರೆ 1 ಲಕ್ಷ ಲೀಟರಿಗಿಂತಲೂ ಹೆಚ್ಚು ನೀರು ಬಿದ್ದಂತಾಯಿತು. ಎರೆಭೂಮಿಯು ಈ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಕೂಡಲೇ ಕಾಲಿಡಲು ಬರುವುದಿಲ್ಲವಾದ್ದರಿಂದ ಹದ ಬರುವವರೆಗೆ ಕಾಯಲೇಬೇಕು. ಮಸಾರಿ ಭೂಮಿಯಾದರೋ ಬೇಗನೆ ಆರುವುದು. ಭಾನುವಾರ ರಾತ್ರಿ ಮಳೆ ಬಿದ್ದು ಸೋಮವಾರ ಬಿಸಿಲು ಕಾದರೆ ಮಸಾರಿಯ ರೈತನಿಗೆ ಒಂದು ದಿನದ ಹದವು ನಷ್ಟವಾಗುವುದು ನಿಜ. ಆದರೆ ಬಿತ್ತನೆಯ ಕಾಲದಲ್ಲಿ ದಿನವಿಡೀ ಕೂರಿಗೆ ಎಳೆಯುವ ಮೂಕಪ್ರಾಣಿಗೆ ಏಳು ದಿನಗಳಿಗೊಮ್ಮೆ ವಿಶ್ರಾಂತಿ ಬೇಡವೆಂದು ಹೇಳಲು ಯಾವ ರೈತನ ಬಾಯೂ ಬಾರದು. ಹೆಗಲ ಬಾವು ಇಳಿಯದ ಎತ್ತಿನಿಂದ ಆರು ದಿನ ಕೆಲಸ ತೆಗೆಯುವುದು ಲಾಭವಲ್ಲ. ಆದುದರಿಂದ ಹಿರಿಯರ ಕಟ್ಟಳೆಯಲ್ಲಿ ದೋಷವನ್ನು ಹುಡುಕುವುದಕ್ಕಿಂತ, ಆ ದಿನವು ಕಳೆಯುವ ರೀತಿಯಲ್ಲಿ ದೋಷವನ್ನು ಹುಡುಕುವುದು ಯೋಗ್ಯವು.

ಎತ್ತಿಗೆ ಬಿಡುವಾದರೆ ಯಜಮಾನನಿಗೂ ಬಿಡುವೆಂದು ತಿಳಿದು ಕಟ್ಟೆಯ ಮೇಲೆ ಹರಟೆಯಲ್ಲಿ ಹೊತ್ತು ಕಳೆಯುವುದೇ ಆ ದೋಷವು. ನೆರೆಹೊರೆಯ ಇಬ್ಬರು ರೈತರನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ಸಮನಾದ ಹೊಲ, ಸಮನಾದ ಎತ್ತು. ಒಬ್ಬನು ಸೋಮವಾರವೆಲ್ಲ ಚಾವಡಿಯಲ್ಲಿ ಕುಳಿತು, ಮಳೆ ಬಾರದುದನ್ನೂ ಧಾರಣೆ ಇಳಿದುದನ್ನೂ ಕುರಿತು ಹತ್ತು ಜನರ ದುಃಖವನ್ನು ಕೇಳಿ ಮನೆಗೆ ಬರುತ್ತಾನೆ. ಮಂಗಳವಾರ ಬೆಳಗ್ಗೆ ನೋಡಿದರೆ ಮಿಣಿ ಹರಿದಿರುತ್ತದೆ. ಕುಂಟೆಯ ಕುಡವು ಮೊಂಡಾಗಿರುತ್ತದೆ. ಕಮ್ಮಾರನ ಕುಲುಮೆಯ ಮುಂದೆ ಆಗಲೇ ಐದಾರು ಮಂದಿ ಕಾದಿರುತ್ತಾರೆ. ಎತ್ತು ಹೂಡುವಷ್ಟರಲ್ಲಿ ಬಿಸಿಲೇರಿ, ಮನಸ್ಸೂ ಮುದುಡಿರುವುದು. ಮತ್ತೊಬ್ಬನು ಸೋಮವಾರ ಬೆಳಗ್ಗೆ ಎತ್ತುಗಳ ಮೈತೊಳೆದು, ಬರಿಗೈಯಲ್ಲಿ ಹೊಲಕ್ಕೆ ಹೋಗಿ ನಾಲ್ಕೂ ಬದುಗಳನ್ನು ಸುತ್ತಿ ಬರುತ್ತಾನೆ. ಸಂಜೆಯೊಳಗೆ ಉಪಕರಣಗಳನ್ನು ಸರಿಮಾಡಿಸಿ ಅಂಗಳದಲ್ಲಿಡುತ್ತಾನೆ. ಮಂಗಳವಾರ ಅವನ ಕೈಗೆ ಏನು ಮಾಡಬೇಕೆಂಬುದು ಗೊತ್ತು. ಹುರುಪೆಂಬುದು ಆಕಾಶದಿಂದ ಬೀಳುವ ವಸ್ತುವಲ್ಲ. ಮೊದಲ ಕೆಲಸ ಯಾವುದೆಂದು ತಿಳಿದವನಿಗೆ ಅದು ತಾನಾಗಿಯೇ ಬರುತ್ತದೆ.

ಬರಿಗೈಯಲ್ಲಿ ಹೊಲ ಸುತ್ತುವುದಕ್ಕೆ ವಿಶೇಷ ಗುಣವುಂಟು. ಕುಂಟೆಯ ಹಿಂದೆ ನಡೆಯುವವನ ದೃಷ್ಟಿಯು ಸಾಲಿನ ಮೇಲೆಯೇ ಇರುತ್ತದೆ. ಕೆಲಸವಿಲ್ಲದೆ ನಡೆಯುವವನು ಇಡೀ ಹೊಲವನ್ನು ಕಾಣುವನು. ಮಳೆಯ ನೀರು ಯಾವ ಬದುವನ್ನು ಒಡೆದಿದೆ, ಮಣ್ಣು ಎಲ್ಲಿ ಕೊಚ್ಚಿಹೋಗಿದೆ, ಕಳೆಯು ಯಾವ ಮೂಲೆಯಿಂದ ನುಗ್ಗುತ್ತಿದೆ ಎಂಬುದು ಆಗ ತಿಳಿಯುತ್ತದೆ. ಈ ಸೀಮೆಯಲ್ಲಿ ಈಗ ಬಹಳವಾಗಿ ಬೆಳೆಯುವ ಮೆಕ್ಕೆಜೋಳಕ್ಕೆ ವಾರದ ಈ ನೋಟವು ಅತ್ಯವಶ್ಯಕವು. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಮೊಟ್ಟೆಯು 2-3 ದಿನಗಳಲ್ಲಿ ಒಡೆಯುವುದು; ಮರಿಯು ಸುಮಾರು ಎರಡು ವಾರ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ, ಎಲೆಯನ್ನು ತಿಂದು ಬೆಳೆಯುವುದು. ಮೊದಮೊದಲು ಎಲೆಯ ಮೇಲೆ ಕೆರೆದಂತಹ ಬಿಳಿಯ ಕಲೆಗಳು ಮಾತ್ರ ಕಾಣುವುವು. ಆಗಲೇ ಗುರುತಿಸಿದರೆ ಪರಿಹಾರವು ಸುಲಭ. ಬಲಿತ ಹುಳು ಸುಳಿಯೊಳಗೆ ಸೇರಿಕೊಂಡ ಮೇಲೆ ಔಷಧಿಯು ಅದಕ್ಕೆ ತಗಲುವುದೇ ಕಷ್ಟ. ಪ್ರತಿ ಸೋಮವಾರ ತಪ್ಪದೆ ಸುಳಿಯನ್ನು ನೋಡುವ ರೈತನ ಕಣ್ಣಿಗೆ ಈ ಹುಳುವು ಬಲಿಯುವ ಮುನ್ನವೇ ಬೀಳುವುದು.

ಬಿತ್ತನೆಗೆ ಮುಂಚಿನ ಸೋಮವಾರಗಳಲ್ಲಿ ಬೀಜದ ಪರೀಕ್ಷೆಯನ್ನು ಮಾಡಬಹುದು. ಮನೆಯ ಬೀಜದಲ್ಲಿ 100 ಕಾಳುಗಳನ್ನು ಆರಿಸದೆ ಎಣಿಸಿ, ಒದ್ದೆಯಾದ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ದಿನವೂ ನೀರು ಚಿಮುಕಿಸಿ, ಮುಂದಿನ ಸೋಮವಾರ ಬಿಚ್ಚಿ ನೋಡಬೇಕು. ಜೋಳದಲ್ಲಿ 75ಕ್ಕೂ, ಶೇಂಗಾದಲ್ಲಿ 70ಕ್ಕೂ ಕಡಮೆ ಮೊಳೆತಿದ್ದರೆ ಆ ಬೀಜವನ್ನು ನಂಬಿ ಹದವನ್ನು ಕಳೆದುಕೊಳ್ಳಬಾರದು. ಇದಕ್ಕೆ ಕಾಸಿನ ಖರ್ಚಿಲ್ಲ. ಮನೆಯ ಮಕ್ಕಳಿಗೆ ಎಣಿಸುವ ಕೆಲಸವನ್ನು ಒಪ್ಪಿಸಿದರೆ ಅವರಿಗೂ ಒಕ್ಕಲುತನದಲ್ಲಿ ಆಸಕ್ತಿ ಹುಟ್ಟುವುದು. ತಟ್ಟನ್ನು ಬಿಚ್ಚಿದಾಗ ಬೆಳ್ಳಗಿನ ಮೊಳಕೆಗಳು ಸಾಲಾಗಿ ಕಾಣುವುದಕ್ಕಿಂತ ರೈತನಿಗೆ ಧೈರ್ಯ ಕೊಡುವ ನೋಟವು ಮತ್ತೊಂದಿಲ್ಲ.

ಇಷ್ಟೂ ಒಬ್ಬೊಬ್ಬ ರೈತನ ಕೈಯಲ್ಲಿರುವ ಮಾತಾಯಿತು. ಗ್ರಾಮದ ಮುಖಂಡರ ಕೈಯಲ್ಲಿರುವುದು ಬೇರೆಯುಂಟು. ಪ್ರತಿ ಊರಲ್ಲಿಯೂ ಜೋಡೆತ್ತಿಲ್ಲದ ಬಡ ಒಕ್ಕಲುಗಳಿವೆ. ಅವರು ಒಂಟಿ ಎತ್ತನ್ನು ನೆರೆಯವನ ಒಂಟಿ ಎತ್ತಿನೊಡನೆ ಕೂಡಿಸಿ ಹೂಡುವರು. ಇಲ್ಲವೆ ಮುಯ್ಯಿಗೆ ಆಳಾಗಿ ದುಡಿದು ಎತ್ತುಗಳನ್ನು ಪಡೆಯುವರು. ಇಲ್ಲವೆ ಟ್ರ್ಯಾಕ್ಟರಿನ ಬಾಡಿಗೆಗೆ ಕಾಯುವರು. ಹದ ಬಂದಾಗ ಎಲ್ಲರಿಗೂ ಒಮ್ಮೆಗೆ ಬೇಕು. ಉಳ್ಳವರ ಹೊಲಗಳು ಮುಗಿದು ಬಡವನ ಸರದಿ ಬರುವಷ್ಟರಲ್ಲಿ ಮಸಾರಿಯ ಹದವು ಆರಿರುವುದು. ಅವನು ಒಣಮಣ್ಣಿನಲ್ಲಿ ಬಿತ್ತಿದ ಬೀಜವು ಹುಟ್ಟದೆ ಹೋದರೆ, ಸೋಮಾರಿಯಾದುದರಿಂದ ಹೀಗಾಯಿತೆಂದು ಊರೇ ಆಡಿಕೊಳ್ಳುವುದು. ಇದು ನ್ಯಾಯವಲ್ಲ. ಎತ್ತುಗಳೆಲ್ಲ ಕೊಟ್ಟಿಗೆಯಲ್ಲಿರುವ ಸೋಮವಾರ ಸಂಜೆ ಊರ ಹಿರಿಯರು ಅರ್ಧ ಗಂಟೆ ಕುಳಿತು, ಆ ವಾರ ಯಾರ ಹೊಲ ಮೊದಲು, ಯಾರದು ಆಮೇಲೆ ಎಂಬುದನ್ನು ಗೊತ್ತುಮಾಡಬೇಕು. ಬೇಗ ಆರುವ ಮಸಾರಿ ಹೊಲಗಳಿಗೆ ಮೊದಲ ಸರದಿ, ತಡವಾಗಿ ಹದವಾಗುವ ಎರೆಹೊಲಗಳಿಗೆ ಆಮೇಲಿನ ಸರದಿ ಎಂಬ ಕ್ರಮವಿಟ್ಟರೆ ಉಳ್ಳವರಿಗೆ ಹಾನಿಯಿಲ್ಲ, ಬಡವನಿಗೆ ಬೆಳೆಯುಂಟು.

ಜಮೀನುದಾರರಲ್ಲಿ ಹಲವರು ಈಗ ಪಟ್ಟಣವಾಸಿಗಳಾಗಿರುವರು. ಸುಗ್ಗಿಯಲ್ಲಿ ಬಂದು ಚೀಲ ಎಣಿಸುವುದೊಂದೇ ಅವರಿಗೂ ಹೊಲಕ್ಕೂ ಉಳಿದಿರುವ ಸಂಬಂಧವು. ಅಂತಹವರು ತಿಂಗಳಲ್ಲಿ ಒಂದು ಸೋಮವಾರವಾದರೂ ಬಂದು, ದುಡಿಯುವವನೊಡನೆ ಬದುವಿನ ಮೇಲೆ ನಡೆಯಬೇಕು. ಬೈಯುವುದಕ್ಕಾಗಿ ಬರಬಾರದು, ಕೇಳುವುದಕ್ಕಾಗಿ ಬರಬೇಕು. ಒಡೆದ ಬದುವಿಗೆ ಎಷ್ಟು ಆಳು ಬೇಕೆಂದು ವಿಚಾರಿಸಿ ಅಲ್ಲಿಯೇ ಹಣ ಕೊಟ್ಟು ಹೋದ ಯಜಮಾನನ ಹೊಲದಲ್ಲಿ ಕೆಲಸವು ತಾನೇ ನಡೆಯುವುದು. ಕೂಲಿಯ ವಿಷಯದಲ್ಲಿಯೂ ಹಾಗೆಯೇ. ಹಿಂದಿನ ವಾರದ ಕೂಲಿಯು ಸಂತೆಗೆ ಮುಂಚೆ ಕೈಸೇರದಿದ್ದರೆ, ಆಳಿನವನು ಮುಂದಿನ ವಾರವನ್ನು ಹುರುಪಿನಿಂದ ಆರಂಭಿಸಬೇಕೆಂದು ಉಪದೇಶಿಸುವುದು ಹಾಸ್ಯಾಸ್ಪದವು. ಸೋಮವಾರ ಅಸ್ತಮಿಸುವ ಮುಂಚೆ ಬಾಕಿ ತೀರಿಸಿದ ಯಜಮಾನನ ಅಂಗಳಕ್ಕೆ ಮಂಗಳವಾರ ಆಳುಗಳು ಕರೆಯದೆ ಬರುವರು.

ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಅದರ ಕಾಲುವೆಗಳು ಅಣೆಕಟ್ಟಿನ ಕೆಳಗಿನ ಭೂಮಿಗೆ ಹರಿಯುವುವು. ಹಿನ್ನೀರಿನ ಅಂಚಿನ ರೈತನು ಎದುರಿಗೆ ಅಗಾಧ ಜಲರಾಶಿಯನ್ನು ಕಾಣುತ್ತ, ತನ್ನ ಬೆದ್ದಲು ಹೊಲಕ್ಕಾಗಿ ಇಂದಿಗೂ ಮಳೆಯ ಮುಖ ನೋಡುವನು. ಇಂತಹ ಸೀಮೆಯಲ್ಲಿ ನಿರಾಶೆ ಹುಟ್ಟುವುದು ಆಶ್ಚರ್ಯವಲ್ಲ. ಬರಿಯ ಬುದ್ಧಿವಾದದಿಂದ ಅದು ಹೋಗುವುದೂ ಇಲ್ಲ. ಮಳೆಯನ್ನು ತರಿಸುವುದು ಯಾರ ಕೈಯಲ್ಲಿಯೂ ಇಲ್ಲ. ಬಂದ ಮಳೆಯನ್ನು ಎದುರುಗೊಳ್ಳಲು ಬದು, ಬೀಜ, ಮಿಣಿ, ಕುಡ, ಸರದಿಗಳನ್ನು ಸಿದ್ಧವಾಗಿಟ್ಟಿರುವುದು ನಮ್ಮ ಕೈಯಲ್ಲಿದೆ. ಬಸವಣ್ಣನಿಗೆ ಬಿಡುವು ಕೊಟ್ಟ ಹಿರಿಯರು ಯಜಮಾನನ ಕಣ್ಣಿಗೆ ಬಿಡುವು ಕೊಟ್ಟಿರಲಿಲ್ಲ. ಬರುವ ಸೋಮವಾರ ಬೆಳಗ್ಗೆ ಎತ್ತು ಮೇವು ಮೆಲುಕಾಡುತ್ತಿರುವಾಗ, ಪ್ರತಿಯೊಬ್ಬ ಗೌಡರೂ ಜಮೀನುದಾರರೂ ತಮ್ಮ ಹೊಲವನ್ನು ಒಂದು ಸುತ್ತು ಸುತ್ತಿ ಬರಲಿ. ಅದರ ಫಲವು ಮಂಗಳವಾರವೇ ಕಾಣುವುದು.