ಎರಡೋ, ನಾಲ್ಕೋ?

ಈ ಸಲದ ಅಂಕಣಕ್ಕೆ ಬೇರೆಯೇ ವಿಷಯ ಯೋಚಿಸಿದ್ದೆ. ಆದರೆ ಎರಡು ವಾರದಿಂದ ದಹಿಸರಿನ ನಮ್ಮ ಪುಟ್ಟ ಮನೆಯಲ್ಲಿ ಒಂದೇ ಚರ್ಚೆ: ‘ಏಜ್ ಆಫ್ ಎಂಪೈರ್ಸ್’ ಎರಡೋ, ನಾಲ್ಕೋ?

ಮಗ ಆರನೇ ಕ್ಲಾಸು ಮುಗಿಸಿದ್ದಾನೆ. ನಾನು ಬೆಳಿಗ್ಗೆ ಲೋಕಲ್ ಹತ್ತಿದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಸಿಗುವ ಒಂದು ಭಾನುವಾರವೂ ‘ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಹಾಗಾಗಿ ರಜೆಯಲ್ಲಿ ಒಟ್ಟಿಗೆ ಕೂತು ಒಂದು ಗೇಮ್ ಆಡೋಣ ಎಂದು ನಾನೇ ಮಾತು ಕೊಟ್ಟಿದ್ದೆ. ಇಬ್ಬರೂ ಆಡಬೇಕೆಂದರೆ ಇಬ್ಬರ ಲ್ಯಾಪ್‌ಟಾಪಿನಲ್ಲೂ ಒಂದೇ ಆಟ ಇರಬೇಕು. ಮೇಲಿನ ಮಹಡಿಯ ಗೆಳೆಯನ ಮನೆಯಲ್ಲಿ ನಾಲ್ಕನೆಯದನ್ನು ಆಡಿ ಬಂದಿದ್ದ ಮಗ ಅದೇ ಬೇಕೆಂದ. ನನಗೆ ಎರಡನೆಯದೇ ಆಗಬೇಕು.

ನನ್ನ ಹಟಕ್ಕೆ ಕಾರಣ ಹಾಸ್ಟೆಲ್. ಎರಡನೆಯದು ಬಂದದ್ದು 1999ರಲ್ಲಿ. ನಾನು ಇಂಜಿನಿಯರಿಂಗ್ ಸೇರುವ ಹೊತ್ತಿಗೆ ಅದು ಹಳೆಯದಾಗಿತ್ತು, ಆದರೂ ರಾತ್ರಿ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದೇ ಓಡುತ್ತಿತ್ತು. ಮೂವರು ಹಳ್ಳಿಗರು, ಒಬ್ಬ ಕುದುರೆ ಸವಾರ, ಒಂದು ಟೌನ್ ಸೆಂಟರ್. ಕುರಿ ಹುಡುಕು, ಮರ ಕಡಿ, 500 ಆಹಾರ ಕೂಡಿಸಿ ಮುಂದಿನ ಯುಗಕ್ಕೆ ಹೋಗು. ಸೋಲುವವನು ‘ಹೌ ಡು ಯು ಟರ್ನ್ ದಿಸ್ ಆನ್’ ಎಂದು ಟೈಪ್ ಮಾಡಿ ಮಧ್ಯಯುಗದ ಬಯಲಿಗೆ ಗುಂಡು ಹಾರಿಸುವ ಕಾರು ಇಳಿಸುತ್ತಿದ್ದ. ಆ ಆಟ 2019ರಲ್ಲಿ ಡೆಫಿನಿಟಿವ್ ಎಡಿಷನ್ ಆಗಿ ಹೊಸ ಬಣ್ಣ ಬಳಿದುಕೊಂಡು ಬಂದಾಗ ನಾನೂ ಕೊಂಡಿದ್ದೆ.

ನಾಲ್ಕನೆಯದು ಬಂದದ್ದು 2021ರಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲೂ ಹುರುಳಿದೆ. ಸೈನಿಕರು ಕೋಟೆ ಗೋಡೆಯ ಮೇಲೆ ನಿಲ್ಲುತ್ತಾರೆ, ಕಾಡಿನಲ್ಲಿ ಅಡಗಿ ಹೊಂಚು ಹಾಕುತ್ತಾರೆ. ಒಂದು ಪಂಗಡದ ಹಾಗೆ ಇನ್ನೊಂದಿಲ್ಲ; ಎರಡನೆಯದರಲ್ಲಿ ಬಹುಪಾಲು ಎಲ್ಲರಿಗೂ ಒಂದೇ ಅಡಿಪಾಯ, ಮೇಲಿನ ಒಗ್ಗರಣೆ ಮಾತ್ರ ಬೇರೆ. ಯುಗ ಬದಲಾದಂತೆ ಜನ ಆಡುವ ಭಾಷೆಯೂ ಬದಲಾಗುತ್ತದೆ. ನಡುನಡುವೆ ಬಿಲ್ಲು ಹೇಗೆ ಮಾಡುತ್ತಿದ್ದರು, ಕಲ್ಲೆಸೆಯುವ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬ ಚಿಕ್ಕ ಚಿತ್ರಗಳಿವೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ. ಆದರೆ ಡಿಸ್ಕಿನಲ್ಲಿ 50 ಜಿಬಿ ಜಾಗ ಕೇಳುತ್ತದೆ. ನಮ್ಮ ಹಳೆಯ ಲ್ಯಾಪ್‌ಟಾಪು ಅದರ ಹೆಸರು ಕೇಳಿದರೇ ಫ್ಯಾನ್ ತಿರುಗಿಸುತ್ತದೆ.

ಆದರೆ ತೀರ್ಮಾನವಾದದ್ದು ಜಿಬಿಯಿಂದಲ್ಲ. ಒಂದು ಭಾನುವಾರ ಮಗ ಪಕ್ಕದಲ್ಲಿ ಕೂತು ಕೇಳಿದ: “ಅಪ್ಪ, ಇಸ್‌ಮೇ ಅಪನಾ ಕೌನ್ಸಾ ಹೈ?” ಇದರಲ್ಲಿ ನಮ್ಮವರು ಯಾರು?

ನಾಲ್ಕನೆಯದು ಬಿಡುಗಡೆಯಾದಾಗ ಇದ್ದ 8 ಪಂಗಡಗಳಲ್ಲಿ ಭಾರತದ್ದು ದೆಹಲಿ ಸುಲ್ತಾನರದೊಂದೇ. ಅವರಿಗೆ ಎಲ್ಲ ಸಂಶೋಧನೆಯೂ ಪುಕ್ಕಟೆ, ಆದರೆ ನಿಧಾನ. ವಿದ್ವಾಂಸರನ್ನು ಮಸೀದಿಯಲ್ಲಿ ಕೂರಿಸಿದರೆ ಬೇಗ ಆಗುತ್ತದೆ. (ನಮ್ಮ ಆಫೀಸಿನ ಪ್ರಾಜೆಕ್ಟುಗಳಿಗೂ ಇದು ಅನ್ವಯಿಸುತ್ತದೆ.) ಆಡಲು ಮಜವಾಗಿದೆ. ಆದರೆ 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದದ್ದು ಅದೇ ದೆಹಲಿಯಿಂದ. ಹಳೇಬೀಡಿನವರಾಗಿ ಆಡುವ ದಾರಿ ಅಲ್ಲಿಲ್ಲ.

ಎರಡನೆಯದರಲ್ಲಿ ತೋರಿಸಲು ನನ್ನ ಬಳಿ ಒಂದು ತುರುಫು ಇತ್ತು. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಅಲ್ಲಿಯವರೆಗೆ ‘ಇಂಡಿಯನ್ಸ್’ ಎಂದಿದ್ದ ಒಂದೇ ಗುಂಪನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು. ಹೆಮ್ಮೆಯಿಂದ ದ್ರಾವಿಡರನ್ನು ತೆರೆದೆ. ಉರುಮಿ ಬೀಸುವ ಕಾಲಾಳುಗಳು, ದೊಡ್ಡ ಹಡಗುಗಳು. ಹಳ್ಳಿಗನನ್ನು ಕ್ಲಿಕ್ ಮಾಡಿದೆ, ಅವನು ಏನೋ ಹೇಳಿದ.

ಮಗನ ಮುಖ ಅರಳಿತು. “ಅಪ್ಪ, ಕನ್ನಡ!”

ಅದು ತಮಿಳು.

ನಕ್ಕೆ. ಆಮೇಲೆ ನಗು ಬರಲಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುವುದು ನಮಗೆ ಅಭ್ಯಾಸವಾಗಿತ್ತು. ಆದರೆ ಕನ್ನಡ ಯಾವುದು, ಪಕ್ಕದ ಮನೆಯ ಭಾಷೆ ಯಾವುದು ಎಂದು ಅವನ ಕಿವಿಗೆ ಗೊತ್ತಿಲ್ಲ ಎಂಬುದು ಗೊತ್ತಾದದ್ದು ಒಂದು ಗೇಮಿನಿಂದ. ಅವನ ತಪ್ಪಲ್ಲ. ರಾತ್ರಿ ಒಂಬತ್ತರ ಮೇಲೆ ಎಷ್ಟು ಕನ್ನಡ ಆಡುತ್ತೇನೆಂದು ಲೆಕ್ಕ ಹಾಕಿದರೆ ತಪ್ಪು ಯಾರದೆಂದು ತಿಳಿಯುತ್ತದೆ.

ಅವತ್ತು ರಾತ್ರಿ ಇನ್ನೊಂದು ಯೋಚನೆ ಬಂತು. ಎಂಟು, ಒಂಬತ್ತನೇ ಶತಮಾನದಲ್ಲಿ ಕನೌಜಿಗಾಗಿ ಮೂರು ಮನೆತನಗಳು ಹೊಡೆದಾಡಿದವು: ಗುರ್ಜರ ಪ್ರತೀಹಾರರು, ಬಂಗಾಳದ ಪಾಲರು, ನಮ್ಮ ರಾಷ್ಟ್ರಕೂಟರು. ಗೇಮಿನಲ್ಲಿ ಗುರ್ಜರರಿದ್ದಾರೆ. ಪಾಲರ ದೇವಪಾಲನ ಕಥೆಯಿದೆ. ದ್ರಾವಿಡರಿಗೆ ರಾಜೇಂದ್ರ ಚೋಳನಿದ್ದಾನೆ. ಮೂರನೆಯ ಮೂಲೆಯ ಮಾನ್ಯಖೇಟ ಮಾತ್ರ ಖಾಲಿ. ಗೇಮ್ ಮಾಡಿದವರನ್ನು ಬೈಯುವುದು ಸುಲಭ. ಆದರೆ ಶಿರಸಿಯವನಾದ ನಾನೇ ಕಲಬುರಗಿ ಜಿಲ್ಲೆಯ ಆ ಮಳಖೇಡಕ್ಕೆ ಇವತ್ತಿಗೂ ಹೋಗಿಲ್ಲ.

ಮಳಖೇಡ ದೂರ. ಕನ್ಹೇರಿ ಪಕ್ಕದಲ್ಲೇ ಇದೆ. ನಮ್ಮ ದಹಿಸರ್ ನದಿ ಹುಟ್ಟುವ ಕಾಡು ಗೊತ್ತಲ್ಲ, ಬೋರಿವಲಿಯ ನ್ಯಾಷನಲ್ ಪಾರ್ಕು, ಅದರೊಳಗೆ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿಯ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರು ತಮ್ಮ ದೊರೆಯೆಂದು ಹೆಸರಿಸುವುದು ಅಮೋಘವರ್ಷನನ್ನು. ಹೌದು, ‘ಕವಿರಾಜಮಾರ್ಗ’ದ ನೃಪತುಂಗನನ್ನೇ. ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಹೋದೆ. ಕಲ್ಲಿನ ಮೇಲಿನ ಸಂಸ್ಕೃತ ಇಬ್ಬರಿಗೂ ಓದಲು ಬರಲಿಲ್ಲ. “ಇಲ್ಲಿವರೆಗೂ ನಮ್ಮ ರಾಜಂದೇನಾ?” ಎಂದ. “ಹ್ಞೂಂ. ಆದ್ರೆ ಗುಹೆ ಕೊರೆಸಿದ್ದು ಬೇರೆಯವರು, ಅವನಿಗಿಂತ ಎಷ್ಟೋ ಮೊದಲು,” ಎಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ. ಅರೆಬರೆ ಕನ್ನಡ, ಆದರೂ ಕನ್ನಡ.

ಈಗ ತೀರ್ಪು. ಹೊಸಬರಾಗಿದ್ದು, ಕಂಪ್ಯೂಟರ್ ಗಟ್ಟಿಯಿದ್ದು, ಯುರೋಪಿನ ಮತ್ತು ಮಂಗೋಲರ ಚರಿತ್ರೆ ಸುಲಭವಾಗಿ ಒಳಗಿಳಿಯಬೇಕೆಂದರೆ ನಾಲ್ಕನೆಯದನ್ನೇ ಕೊಳ್ಳಿ, ಮೋಸವಿಲ್ಲ. ಮೆಷಿನ್ ಹಳೆಯದಾಗಿದ್ದರೆ, ಹಾಸ್ಟೆಲ್ ಗೆಳೆಯರು ಇನ್ನೂ ಫೋನಿನಲ್ಲಿ ಸಿಗುತ್ತಿದ್ದರೆ ಎರಡನೆಯದು.

ನಾವು ಎರಡನೆಯದಕ್ಕೇ ನಿಂತೆವು, ಆದರೆ ಕಾರಣ ಹುಡುಕಿದ್ದು ಮಗ. ಅದರಲ್ಲಿ ನಮ್ಮದೇ ನಕ್ಷೆ, ನಮ್ಮದೇ ಯುದ್ಧ ಕಟ್ಟಿಕೊಳ್ಳುವ ಸಿನಾರಿಯೋ ಎಡಿಟರ್ ಇದೆ. ಉತ್ತರಕ್ಕೆ ಗುರ್ಜರರು, ಪೂರ್ವಕ್ಕೆ ಬಂಗಾಳಿಗಳು, ದಕ್ಷಿಣದಲ್ಲಿ ದ್ರಾವಿಡರ ಸೈನ್ಯಕ್ಕೇ ಹೆಸರು ಬದಲಿಸಿ ರಾಷ್ಟ್ರಕೂಟರು. ನಡುವೆ ನರ್ಮದೆಯನ್ನು ತುಸು ಸೊಟ್ಟಗೆ ಹರಿಸಿದ್ದಾನೆ. ನಮ್ಮ ಜನರ ಬಾಯಲ್ಲಿ ಇನ್ನೂ ತಮಿಳೇ. ಪರವಾಗಿಲ್ಲ, ಅವರು ಮಾತಾಡಿದಾಗಲೆಲ್ಲ ಅವನು ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಕೇಳುತ್ತಾನೆ.

ನಿನ್ನೆ ರಾತ್ರಿ ನಾನು ಬಂದಾಗ ಅವನು ಎದ್ದೇ ಇದ್ದ. ರಾಜಧಾನಿಯ ಹೆಸರನ್ನು ಕನ್ನಡದಲ್ಲಿ ಬರೆದುಕೊಡು ಎಂದ. ಹಾಳೆಯ ಮೇಲೆ ಮಾನ್ಯಖೇಟ ಎಂದು ಬರೆದೆ. ಕೆಳಗೆ ಅವನೂ ನೋಡಿ ಬರೆದ. ಯ ಒತ್ತು ತಪ್ಪಿತ್ತು. ತಿದ್ದಿದೆ.