ಕಲಿಕೆಗೆ ಆ್ಯಪ್ ಇರಲಿ, ಗುರು ತಪ್ಪದಿರಲಿ

ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ–ಬೆಂಗಳೂರು ಹಾಗೂ ಹೊಸೂರು ರಸ್ತೆಯ ನಿಮ್ಹಾನ್ಸ್ ನಡುವಿನ ನಂಟು ಹೊಸದೇನಲ್ಲ. ಖಿನ್ನತೆಯಿಂದ ಬಳಲುವವರಿಗಾಗಿ ‘ಪುಶ್-ಡಿ’ ಎಂಬ ಸ್ವಸಹಾಯ ತಂತ್ರಾಂಶವನ್ನು ಇವೆರಡೂ ಸಂಸ್ಥೆಗಳ ತಜ್ಞರು ಕೂಡಿ ರೂಪಿಸಿದರು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರಸ್ಥಾನವಾದರೆ, ತಾಂತ್ರಿಕ ನೆರವು ಐಐಐಟಿಯದು. ನೊಂದವರ ಕೈಗೆ ಆ್ಯಪ್ ಬಂದಾಯಿತು. ಚಿಕಿತ್ಸೆ ನೀಡಲು ಕಲಿಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಯ ತರಬೇತಿಗೂ ಅದು ಒದಗೀತೇ ಎಂಬುದು ಮುಂದಿನ ಪ್ರಶ್ನೆ.

ತಜ್ಞರ ಅಗತ್ಯದ ಬಗ್ಗೆ ಎರಡು ಮಾತಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ 10.6ರಷ್ಟು, ಮಹಾನಗರಗಳಲ್ಲಿ ಶೇ 13.5ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿದ್ದವು. ಚಿಕಿತ್ಸೆಯಿಂದ ಹೊರಗುಳಿದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92. ಪೀಣ್ಯದ ಕಾರ್ಮಿಕನಾಗಲಿ, ವೈಟ್‌ಫೀಲ್ಡ್‌ನ ರಾತ್ರಿಪಾಳಿಯ ಉದ್ಯೋಗಿಯಾಗಲಿ ಈ ಲೆಕ್ಕದಿಂದ ಹೊರತಲ್ಲ. ಇತ್ತ, ತಜ್ಞರನ್ನು ರೂಪಿಸುತ್ತಿದ್ದ ಎರಡು ವರ್ಷಗಳ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಕೋರ್ಸಿಗೆ 2025–26ನೇ ಸಾಲಿನವರೆಗೆ ಮಾತ್ರ ಮಾನ್ಯತೆ ಎಂದು ಯುಜಿಸಿ 2024ರಲ್ಲಿ ತಿಳಿಸಿತು. ತರಬೇತಿಯ ಸ್ವರೂಪವೇ ಬದಲಾಗುವ ಸಂಧಿಕಾಲವಿದು.

ಈ ತರಬೇತಿಯ ಜೀವಾಳ ಮೇಲ್ವಿಚಾರಣೆ. ವಿದ್ಯಾರ್ಥಿ ರೋಗಿಯೊಡನೆ ಮಾತನಾಡಿ, ಬಳಿಕ ಗುರುವಿನ ಮುಂದೆ ಅದನ್ನು ವಿವರಿಸಿ ತಿದ್ದಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಎಷ್ಟೋ ವಿವರ ಮರೆತಿರುತ್ತದೆ. ಯಾವ ವಿಧಾನ ಬಳಸಿದೆ, ಎಲ್ಲಿ ಎಡವಿದೆ ಎಂಬುದನ್ನು ಆಗಲೇ ಮೊಬೈಲ್‌ನಲ್ಲಿ ದಾಖಲಿಸಿದರೆ, ಭೇಟಿಗೆ ಮುನ್ನವೇ ಗುರು ಅದನ್ನು ಓದಬಹುದು. ಆ್ಯಪ್‌ನ ನಿಜವಾದ ಪ್ರಯೋಜನ ಇಲ್ಲಿದೆ.

ಅಪಾಯವೂ ಇಲ್ಲಿಯೇ ಇದೆ. ರೋಗಿ ಮನೆಯವರಿಗೂ ಹೇಳದ ಗುಟ್ಟು ವಿದ್ಯಾರ್ಥಿಯ ಜೇಬಿನಲ್ಲಿ ಬಸ್ಸು, ಹಾಸ್ಟೆಲು ಸುತ್ತುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ ಡಿಜಿಟಲ್ ರೂಪದ ಮಾಹಿತಿಗೂ ಗೋಪ್ಯತೆಯ ಹಕ್ಕನ್ನು ವಿಸ್ತರಿಸಿದೆ. ಆದ್ದರಿಂದ ರೋಗಿಯ ಹೆಸರು, ಗುರುತು ದಾಖಲಾಗಕೂಡದು. ಮಾಹಿತಿ ಖಾಸಗಿ ಕಂಪೆನಿಯ ಬದಲು ಶಿಕ್ಷಣ ಸಂಸ್ಥೆಯ ಸುಪರ್ದಿಯಲ್ಲಿರಬೇಕು.

ರೋಗಿಯ ಮೌನವಾಗಲಿ, ಅದನ್ನು ಕಂಡು ವಿದ್ಯಾರ್ಥಿಗಾದ ಗಲಿಬಿಲಿಯಾಗಲಿ ಯಾವ ನಮೂನೆಯಲ್ಲೂ ಭರ್ತಿಯಾಗದು. ಅದನ್ನು ಗುರುತಿಸಲು ಎದುರಿಗೆ ಗುರುವೇ ಇರಬೇಕು. ಆ್ಯಪ್ ಉಳಿಸಿಕೊಟ್ಟ ಸಮಯ ಗುರು–ಶಿಷ್ಯರ ಮಾತುಕತೆಗೆ ಸಲ್ಲಬೇಕು. ಅದನ್ನೇ ನೆಪಮಾಡಿಕೊಂಡು ಮೇಲ್ವಿಚಾರಕರ ಸಂಖ್ಯೆ ಹೆಚ್ಚಿಸದೆ ಸೀಟುಗಳನ್ನಷ್ಟೇ ಹೆಚ್ಚಿಸಿದರೆ, ಅದರ ಬೆಲೆ ತೆರುವವನು ಪೀಣ್ಯದ ಆ ಕಾರ್ಮಿಕನೇ.